ನೀಲಕಂಠಕ್ಕೆ ನೀಲಿ ಹುಡುಕಿದ ಮೂರು ತಿಂಗಳು

ಹೋದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಕೊನೆಯ ಗೋಡೆ ಮೇಲೆ ಲೇಸರಲ್ಲಿ ಕನ್ನಡ ಬಾವುಟ ಬಿಡಿಸಿದ್ದೆ. ಅದಕ್ಕೆ ಎರಡೇ ಲೇಸರ್ ಸಾಕಾಗಿತ್ತು. ಕುಂಕುಮಕ್ಕೆ ಕೆಂಪು, ಅರಿಶಿನಕ್ಕೆ ಕೆಂಪು-ಹಸಿರು ಕೂಡಿದ ಹಳದಿ. ಈ ವರ್ಷ ನೀಲಕಂಠ ಹಾರಬೇಕು ಅಂತ ಮಕ್ಕಳು ಹಟ ಹಿಡಿದರು. ನಮ್ಮ ರಾಜ್ಯಪಕ್ಷಿ ಅಲ್ವಾ, ರೆಕ್ಕೆ ಬಿಚ್ಚಿದರೆ ಪಟ್ಟೆ ಪಟ್ಟೆ ನೀಲಿ. ನೀಲಿ ಲೇಸರ್ ಸೇರಿಸಲೇಬೇಕಾಯಿತು.

ಲೇಸರ್ ಪ್ರೊಜೆಕ್ಟರ್‌ನ ಡಬ್ಬಿ ಮೊದಲೇ ಇತ್ತು, ಮನೆಯಲ್ಲೇ ಮಾಡಿದ್ದು. 10 ಮಿಮೀ ದಪ್ಪದ ಅಲ್ಯೂಮಿನಿಯಂ ತಳ, ಅದರ ಮೇಲೆ ಸೆಕೆಂಡಿಗೆ 20 ಸಾವಿರ ಪಾಯಿಂಟ್‌ನ ಗ್ಯಾಲ್ವೊ ಜೋಡಿ (ಕಿರಣವನ್ನು ಅಡ್ಡ ಉದ್ದ ಓಡಿಸುವ ಎರಡು ಪುಟ್ಟ ಕನ್ನಡಿ), 638 ನ್ಯಾನೋಮೀಟರ್ ಕೆಂಪು, 520 ನ್ಯಾನೋಮೀಟರ್ ಹಸಿರು. ಕಂಪ್ಯೂಟರ್‌ನಿಂದ ಬರುವ ಸಿಗ್ನಲ್‌ಗೆ ಹೀಲಿಯೋಸ್ ಬೋರ್ಡ್. ನೀಲಿ ಕೂರಿಸಲು ಜಾಗ, ತೂತು, 25 ಪಿನ್ ಕನೆಕ್ಟರ್‌ನಲ್ಲಿ ನೀಲಿಯ ಸಿಗ್ನಲ್ ಬರುವ 7 ಮತ್ತು 20ನೇ ಪಿನ್, ಎಲ್ಲ ಖಾಲಿ ಬಿಟ್ಟಿದ್ದೆ. ಒಂದು ಲೇಸರ್ ಡಯೋಡ್ (ಬೆಳಕು ಹೊರಡಿಸುವ ಪುಟ್ಟ ಬಿಡಿಭಾಗ) ತಂದು ಸಿಕ್ಕಿಸಿದರೆ ಆಯಿತು, ಎರಡು ವಾರದ ಕೆಲಸ ಅಂತ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು. ಯಾಕೆ ಅಂತ ತಾರೀಕು ಪ್ರಕಾರ ಬರೆದಿಡುತ್ತೇನೆ. ತಪ್ಪಿದ್ದೆಲ್ಲ ಹೆಚ್ಚುಕಮ್ಮಿ ನೀಲಿಯ ತರಂಗಾಂತರ, ಅಂದರೆ ಅದು ಯಾವ ನೀಲಿ ಅಂತ ನ್ಯಾನೋಮೀಟರ್‌ನಲ್ಲಿ ಹೇಳುವ ಅಂಕಿ, ಆರಿಸುವುದರಲ್ಲೇ.

ಶುರು ಮಾಡುವ ಮುಂಚೆ ಒಂದು ಮಾತು. ಇಲ್ಲಿ ಬರುವ ಎಲ್ಲ ಡಯೋಡ್‌ಗಳೂ ಕಣ್ಣು ಕಳೆಯುವಷ್ಟು ಶಕ್ತಿಯವು. 500 ಮಿಲಿವ್ಯಾಟ್ ದಾಟಿದರೆ ಅದು ಕ್ಲಾಸ್ 4, ಲೇಸರ್ ಅಪಾಯದ ಅತಿ ಮೇಲಿನ ದರ್ಜೆ. ನೀಲಿಯಲ್ಲಿ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಕಣ್ಣಿಗೆ ಅದು ಮಂಕಾಗಿ ಕಾಣುತ್ತದೆ, ಹಾನಿ ಮಾತ್ರ ಪೂರ್ತಿ ಮಾಡುತ್ತದೆ. ಕಿತ್ತಳೆ ಬಣ್ಣದ ಸೇಫ್ಟಿ ಕನ್ನಡಕ ನೀಲಿ-ಹಸಿರನ್ನು ತಡೆಯುತ್ತದೆ, ಕೆಂಪನ್ನು ತಡೆಯುವುದಿಲ್ಲ. ಹಾಗಾಗಿ ನೀಲಿ ಜೋಡಿಸುವಾಗ ಕೆಂಪು ಲೇಸರ್‌ನ ವೈರ್ ಕಿತ್ತೇ ಇಟ್ಟಿರುತ್ತಿದ್ದೆ.

ಆಗಸ್ಟ್ 2: 405, ಪಂಚೆ ಮೋಸ ಮಾಡಿದ್ದು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 350 ರೂಪಾಯಿಗೆ 405 ನ್ಯಾನೋಮೀಟರ್‌ನ ಚಿಕ್ಕ ಮಾಡ್ಯೂಲ್ ಸಿಕ್ಕಿತು, 200 ಮಿಲಿವ್ಯಾಟ್. ಬ್ಲೂ-ರೇ ಡ್ರೈವ್‌ನಲ್ಲಿ ಬರುವ ಜಾತಿಯದು. ಅಗ್ಗಕ್ಕೆ ಸಿಕ್ಕಿತಲ್ಲ, ಇದೇ ಆಗಬಹುದು ಅಂತ ತಂದೆ.

ಮಹಡಿ ಮೇಲೆ ತಂತಿಗೆ ಅಪ್ಪನ ಬಿಳಿ ಪಂಚೆ ಹಾಕಿತ್ತು. ಅದನ್ನೇ ಪರದೆ ಮಾಡಿಕೊಂಡೆ. ಎಷ್ಟು ಚೆನ್ನಾಗಿ ಕಂಡಿತು! ತಿಳಿ ನೀಲಿ, ಹೊಳಪು, ಗೆರೆ ತೆಳ್ಳಗೆ. ಅವತ್ತು ರಾತ್ರಿಯೇ ಡ್ರೈವರ್ (ಲೇಸರ್‌ಗೆ ಕರೆಂಟ್ ಅಳೆದು ಕೊಡುವ ಬೋರ್ಡ್) ಕೂರಿಸಲು ತೂತು ಕೊರೆದೆ. ಮಾರನೇ ದಿನ ಅದೇ ಲೇಸರನ್ನು ಸುಣ್ಣ ಹೊಡೆದ ಗೋಡೆಗೆ ಬಿಟ್ಟರೆ ಏನೂ ಇಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಮಂಕು ನೇರಳೆ ಗೆರೆ.

ಆಗಿದ್ದು ಇಷ್ಟು. ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಿಸಲು ಒಂದು ಪದಾರ್ಥ ಇರುತ್ತದೆ. ನೇರಳೆ ಬೆಳಕು ಬಿದ್ದರೆ ಅದು ತಾನೇ ನೀಲಿಯಾಗಿ ಹೊಳೆಯುತ್ತದೆ. ನಾನು ನೋಡಿದ್ದು ಲೇಸರನ್ನಲ್ಲ, ಪಂಚೆಯ ಸೋಪನ್ನು. ಹಗಲಿನ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ 450ರ ಬೆಳಕು 405ಕ್ಕಿಂತ ಸುಮಾರು 60 ಪಟ್ಟು ಹೊಳಪಾಗಿ ಕಾಣುತ್ತದೆ. ಪ್ರೊಜೆಕ್ಟರ್‌ಗೆ 405 ಬೇಡವೇ ಬೇಡ. ಆಮೇಲಿನ ಪರೀಕ್ಷೆಗಳನ್ನೆಲ್ಲ ಗೋಡೆ ಮೇಲೆಯೇ ಮಾಡಿದೆ, ಬಟ್ಟೆ ಹತ್ತಿರಕ್ಕೂ ಹೋಗಲಿಲ್ಲ.

ಆಗಸ್ಟ್ 11: ಕೆತ್ತುವ ಮೆಷಿನ್ನಿನ 450

ಗೆಳೆಯರೊಬ್ಬರ ಹತ್ತಿರ ಮರದ ಮೇಲೆ ಹೆಸರು ಕೆತ್ತುವ ಲೇಸರ್ ಮೆಷಿನ್ ಇದೆ. ಅದರ ಹಳೆಯ ತಲೆ, 450 ನ್ಯಾನೋಮೀಟರ್, 5 ವ್ಯಾಟ್, ಸುಮ್ನೆ ಬಿದ್ದಿತ್ತು. "ತಗೊಂಡ್ ಹೋಗಿ ಸರ್, ನಂಗೆ ಬೇಡ" ಅಂದರು. ದುಡ್ಡಿಲ್ಲದೆ 5 ವ್ಯಾಟ್ ಸಿಕ್ಕಿತು ಅಂತ ಖುಷಿಯಾಗಿತ್ತು.

ಕರೆಂಟ್ ತುಂಬಾ ಇಳಿಸಿ 8 ಮೀಟರ್ ದೂರದ ಗೋಡೆಗೆ ಬಿಟ್ಟೆ. ಲೆನ್ಸ್ ಎಷ್ಟು ತಿರುಗಿಸಿದರೂ ಚುಕ್ಕೆ ಆಗಲೇ ಇಲ್ಲ. 55 ಮಿಮೀ ಉದ್ದ, 6 ಮಿಮೀ ಅಗಲದ ಒಂದು ಪಟ್ಟಿ. ಕೆತ್ತುವಾಗ ಮರ ಕೆಲವೇ ಸೆಂಟಿಮೀಟರ್ ದೂರ ಇರುತ್ತದೆ, ಅಲ್ಲಿ ಇದು ಗೊತ್ತಾಗುವುದಿಲ್ಲ. ದೊಡ್ಡ ಶಕ್ತಿಯ ಡಯೋಡ್‌ನಲ್ಲಿ ಬೆಳಕು ಹೊರಡುವ ಬಾಯಿ ಒಂದು ದಿಕ್ಕಿಗೆ ಅಗಲ, ಅದಕ್ಕೇ ದೂರ ಹೋದಷ್ಟೂ ಅದೇ ದಿಕ್ಕಿಗೆ ಹರಡುತ್ತದೆ. ಈ ಪಟ್ಟಿಯಲ್ಲಿ ಹಕ್ಕಿ ಬಿಡಿಸಿದರೆ ಸುಣ್ಣದ ಬ್ರಷ್ಷಲ್ಲಿ ರಂಗೋಲಿ ಹಾಕಿದ ಹಾಗೆ. ಅಡ್ಡ ಗೆರೆ ತೆಳ್ಳಗೆ, ಉದ್ದ ಗೆರೆ ದಪ್ಪ.

ಪ್ರೊಜೆಕ್ಟರ್‌ಗೆ ನೀಲಿ ಹುಡುಕುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ವ್ಯಾಟ್ ನೋಡಿ ಮರುಳಾಗಬೇಡಿ. 1ರಿಂದ 1.6 ವ್ಯಾಟ್‌ನ ಡಯೋಡ್‌ಗಳ ಬಾಯಿ ಚಿಕ್ಕದು, ಗೆರೆ ನಿಲ್ಲುತ್ತದೆ. ತಲೆಯನ್ನು ವಾಪಸ್ ಕೊಟ್ಟು ಬಂದೆ.

ಆಗಸ್ಟ್ 20: ಏನು ತರಿಸಬೇಕು

ಒಂದು ವಾರ ಕೂತು ಲೆಕ್ಕ ಹಾಕಿದೆ. ಸಿಗುವ ನೀಲಿಗಳು ಇವು: 445-450, 460-465, 473, 488.

445-450 ಎಲ್ಲಕ್ಕಿಂತ ಅಗ್ಗ. ಇದಕ್ಕೆ ಒಂದು ಕಥೆಯೇ ಇದೆ. 2010ರಲ್ಲಿ ಕ್ಯಾಸಿಯೊ ಕಂಪನಿ ಬಲ್ಬಿನ ಬದಲು ನೀಲಿ ಲೇಸರ್ ಡಯೋಡ್ ಹಾಕಿದ ಪ್ರೊಜೆಕ್ಟರ್ ತಂದಿತು, ಒಂದೊಂದರಲ್ಲಿ 24 ಡಯೋಡ್. ಹವ್ಯಾಸಿಗಳು ಹೊಸ ಪ್ರೊಜೆಕ್ಟರನ್ನೇ ಬಿಚ್ಚಿ ಡಯೋಡ್ ಹಂಚಿಕೊಂಡರು. ಅವತ್ತಿನಿಂದ ಮನೆಯಲ್ಲಿ ಮಾಡುವ ಲೇಸರ್ ಷೋಗೆ ನೀಲಿ ಅಂದರೆ 445 ಅಂತಲೇ ಆಗಿಹೋಯಿತು.

473 ಹಳೇ ಕಾಲದ್ದು. ಹರಳಿನೊಳಗೆ ಬೆಳಕು ಹಾಯಿಸಿ ಬರುವ ನೀಲಿ. ಬಣ್ಣ ಚೆಂದ, ಆದರೆ ದುಬಾರಿ, ದೊಡ್ಡದು, ಬೇಗ ಬೇಗ ಆನ್-ಆಫ್ ಆಗುವುದು ಕಷ್ಟ. ಬಿಟ್ಟೆ. 488 ಡಯೋಡ್ ನೋಡಿದರೆ ಆಸೆಯಾಗುತ್ತದೆ, ನೀಲಕಂಠದ ರೆಕ್ಕೆಯ ತಿಳಿ ಪಟ್ಟೆಯ ಬಣ್ಣವೇ ಅದು. ಆದರೆ ನನ್ನ ಕೈಗೆಟುಕುವುದು 60 ಮಿಲಿವ್ಯಾಟ್‌ನದು, ಅದಕ್ಕೇ 6,000 ರೂಪಾಯಿ. ಅದೊಂದೇ ಇದ್ದರೆ ಕಡು ನೀಲಿಯೂ ಬರುವುದಿಲ್ಲ, ನೇರಳೆಯೂ ಬರುವುದಿಲ್ಲ. ತಿಳಿ ಪಟ್ಟೆಯನ್ನು ನೀಲಿ ಜೊತೆ 520ರ ಹಸಿರು ಬೆರೆಸಿ ಮಾಡಿಕೊಳ್ಳಬಹುದು.

ಉಳಿದದ್ದು ಎರಡು. "445" ಅಂತ ಮಾರುವ 5.6 ಮಿಮೀ ಡಯೋಡ್, 1.6 ವ್ಯಾಟ್, 1,900 ರೂಪಾಯಿ. "465" ಅಂತ ಮಾರುವ 9 ಮಿಮೀ ಡಯೋಡ್, 1.2 ವ್ಯಾಟ್, 4,600 ರೂಪಾಯಿ. ಕಣ್ಣಿನ ಸೂಕ್ಷ್ಮತೆಯ ಪಟ್ಟಿಯಲ್ಲಿ, ಅತಿ ಹೊಳಪಾಗಿ ಕಾಣುವ 555ರ ಹಸಿರಿಗೆ 1 ಅಂತ ಇಟ್ಟರೆ 445ಕ್ಕೆ ಸುಮಾರು 0.030, 465ಕ್ಕೆ 0.074. ಅಂದರೆ ಎರಡೂವರೆ ಪಟ್ಟು ಹೊಳಪು. ಹಾಗಾದರೆ 465ರಲ್ಲಿ ಅರ್ಧಕ್ಕಿಂತ ಕಮ್ಮಿ ಶಕ್ತಿ ಸಾಕು, ಬಿಳಿ ಬಣ್ಣಕ್ಕೂ ಕಮ್ಮಿ ಸಾಕು, ಡಬ್ಬಿ ತಣ್ಣಗಿರುತ್ತದೆ ಅಂತ ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿತ್ತು. ಅದು ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ.

ಹೋಲಿಸಿ ನೋಡೋಣ ಅಂತ ಎರಡನ್ನೂ ತರಿಸಿದೆ. ಹೊರದೇಶದ ಅಂಗಡಿ. ಕಸ್ಟಮ್ಸ್, ಸಾಗಣೆಗೇ ಕೊನೆಗೆ 2,350 ಆಯಿತು.

ಸೆಪ್ಟೆಂಬರ್ 9: ಮೊದಲ ಡಯೋಡ್ ಸತ್ತಿದ್ದು

ಗಣೇಶನ ಹಬ್ಬ ಮುಗಿದ ಮೇಲೆ ಪಾರ್ಸೆಲ್ ಬಂತು. ಮೊದಲು ಡ್ರೈವರ್ ಹದ ಮಾಡಬೇಕು. ಲೇಸರ್ ಡಯೋಡ್‌ಗೆ ವೋಲ್ಟೇಜ್ ಅಲ್ಲ, ಕರೆಂಟ್ ಅಳೆದು ಕೊಡಬೇಕು. ಅದಕ್ಕೆ ಡಯೋಡ್ ಬದಲು ಒಂದು ಡಮ್ಮಿ ಲೋಡ್ ಕಟ್ಟಿಕೊಂಡೆ. 1ಎನ್5408 ಡಯೋಡ್ ಆರು ಸಾಲಾಗಿ, ಜೊತೆಗೆ 1 ಓಮ್ 5 ವ್ಯಾಟ್ ರೆಸಿಸ್ಟರ್. ರೆಸಿಸ್ಟರ್ ಮೇಲೆ ಮಲ್ಟಿಮೀಟರ್ ಇಟ್ಟರೆ ಎಷ್ಟು ಮಿಲಿವೋಲ್ಟ್ ತೋರಿಸುತ್ತದೋ ಅಷ್ಟೇ ಮಿಲಿಆಂಪ್. ಸ್ಕ್ರೂ ತಿರುಗಿಸಿ 1,000ಕ್ಕೆ ತಂದೆ. ಇಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ಡಮ್ಮಿ ಲೋಡ್ ವೈರ್ ಬಿಚ್ಚಿದೆ. ಡ್ರೈವರ್‌ಗೆ ಪವರ್ ಇದ್ದೇ ಇತ್ತು, ಒಂದು ಕ್ಷಣ. ನೆನಪಾಗಿ ಪವರ್ ತೆಗೆದು, "445" ಡಯೋಡ್‌ನ ವೈರ್ ಬೆಸೆದು, ಮತ್ತೆ ಆನ್ ಮಾಡಿದೆ. ಮಂಕು ನೀಲಿ ಬೆಳಕು ಬಂತು, ಟಾರ್ಚ್ ಹಾಗೆ, ಕಿರಣ ಇಲ್ಲ. ಕರೆಂಟ್ ಏರಿಸಿದರೂ ಅಷ್ಟೇ. ಡಯೋಡ್ ಸತ್ತು ಬರೀ ಎಲ್‌ಇಡಿ ಆಗಿತ್ತು.

ತಪ್ಪು ಎಲ್ಲಿ ಅಂದರೆ, ಲೋಡ್ ಇಲ್ಲದೆ ಡ್ರೈವರ್ ಆನ್ ಇದ್ದಾಗ ಅದರ ಔಟ್‌ಪುಟ್ ಕೆಪಾಸಿಟರ್ ಪೂರ್ತಿ 12 ವೋಲ್ಟ್‌ಗೆ ತುಂಬಿಕೊಂಡಿತ್ತು. ಪವರ್ ತೆಗೆದರೂ ಆ ಚಾರ್ಜ್ ಹೋಗಿರಲಿಲ್ಲ. ನಾಲ್ಕೂವರೆ ವೋಲ್ಟ್ ಬೇಕಾದ ಡಯೋಡ್ ಮೇಲೆ ಅದೆಲ್ಲ ಒಂದೇ ಸಲ ಸುರಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ 1,900 ರೂಪಾಯಿ ಹೋಯಿತು.

ಈಗ ನನ್ನ ಕ್ರಮ ಹೀಗಿದೆ. ಪವರ್ ತೆಗೆಯುವುದು, ಹತ್ತು ಸೆಕೆಂಡ್ ಕಾಯುವುದು, ಔಟ್‌ಪುಟ್‌ನ ಎರಡು ತುದಿಗೆ 100 ಓಮ್ ರೆಸಿಸ್ಟರ್ ಮುಟ್ಟಿಸುವುದು, ಮೀಟರ್‌ನಲ್ಲಿ ಸೊನ್ನೆ ನೋಡುವುದು, ಆಮೇಲೆ ಬೆಸುಗೆ. ಎಷ್ಟೇ ಅವಸರ ಇದ್ದರೂ ಇದನ್ನು ಬಿಡುವುದಿಲ್ಲ. ಅವತ್ತೇ ಇನ್ನೊಂದು "445" ತರಿಸಲು ಹಾಕಿದೆ.

ಸೆಪ್ಟೆಂಬರ್ 16: ಪೀಣ್ಯದಲ್ಲಿ ಒತ್ತಿಸಿದ್ದು

9 ಮಿಮೀ ಡಯೋಡನ್ನು ತಾಮ್ರದ ಮಾಡ್ಯೂಲ್ ಒಳಗೆ ಬಿಗಿಯಾಗಿ ಒತ್ತಿ ಕೂರಿಸಬೇಕು. ತುಮಕೂರಿನಲ್ಲಿ ಮನೆಯ ವೈಸ್‌ನಲ್ಲಿ ಒತ್ತಲು ಹೋದರೆ ಓರೆಯಾಗುತ್ತಿತ್ತು. ಪೀಣ್ಯದ ಲೇತ್ ಅಂಗಡಿಗೆ ಹೋದೆ. "ಅಣ್ಣಾ, ಇದರ ಅಂಚು ಮಾತ್ರ ಮುಟ್ಟಬೇಕು, ನಡುವಿನ ಗಾಜು ಮುಟ್ಟಬಾರದು" ಅಂದೆ. ಅವರು ಹಿತ್ತಾಳೆ ಸರಳಿನ ತುದಿಯಲ್ಲಿ ತೂತು ಕೊರೆದು ಒಂದು ಚಿಕ್ಕ ಬಳೆ ಮಾಡಿದರು. ಅದನ್ನು ಡಯೋಡ್ ಅಂಚಿಗೆ ಇಟ್ಟು ಲೇತ್‌ನ ಹಿಂದಿನ ಚಕ್ರ ನಿಧಾನಕ್ಕೆ ತಿರುಗಿಸಿದರು. ಟಕ್ ಅಂತ ಒಂದು ಸಣ್ಣ ಸದ್ದು. ಕೂದಲೆಳೆಯಷ್ಟೂ ಓರೆ ಇಲ್ಲ. ಎರಡು ಮಾಡ್ಯೂಲ್‌ಗೆ ಅಳವಡಿಕೆ ತುಂಡು ಮಾಡಿಕೊಟ್ಟಿದ್ದೂ ಸೇರಿ 600 ರೂಪಾಯಿ. ಹಿತ್ತಾಳೆ ಬಳೆಯನ್ನೂ ನನಗೇ ಕೊಟ್ಟರು.

ಸೆಪ್ಟೆಂಬರ್ 28: ಸಿಡಿಯಲ್ಲಿ ತರಂಗಾಂತರ ಅಳೆದಿದ್ದು

ಎರಡನೇ "445" ಬಂತು. ಎರಡೂ ಕೈಯಲ್ಲಿದ್ದವು. ಹೋಲಿಸುವ ಮುಂಚೆ, ಚೀಟಿಯಲ್ಲಿ ಬರೆದಷ್ಟೇ ಇದೆಯಾ ಅಂತ ನೋಡಬೇಕು ಅನ್ನಿಸಿತು. ಸ್ಪೆಕ್ಟ್ರೊಮೀಟರ್ ಇಲ್ಲ. ಹಳೇ ಸಿಡಿ ಇತ್ತು.

ಸಿಡಿಯ ಹಾದಿಗಳ ನಡುವಿನ ಅಂತರ ಸುಮಾರು 1.6 ಮೈಕ್ರೋಮೀಟರ್. ಲೇಸರ್ ಬಿದ್ದರೆ ಬೆಳಕು ನೇರ ವಾಪಸ್ ಬರುವುದರ ಜೊತೆ ಎರಡು ಪಕ್ಕಕ್ಕೂ ಚುಕ್ಕೆಗಳು ಒಡೆಯುತ್ತವೆ. ಅಳೆಯಬೇಕಾದ್ದು ಎರಡೂ ಪಕ್ಕದ ಮೊದಲ ಚುಕ್ಕೆಯನ್ನು. ತರಂಗಾಂತರ ಜಾಸ್ತಿಯಾದಷ್ಟು ಚುಕ್ಕೆ ದೂರ ಹೋಗುತ್ತದೆ. ಅಷ್ಟು ಗೊತ್ತಿದ್ದರೆ ಸಾಕು.

ಸಿಡಿಯನ್ನು ಗೋಡೆಯಿಂದ ಸರಿಯಾಗಿ 2 ಮೀಟರ್ ದೂರ ನಿಲ್ಲಿಸಿದೆ. ಗೋಡೆಯ ಹತ್ತಿರ ತೂತಿರುವ ಬಿಳಿ ರಟ್ಟು, ತೂತಿನಿಂದ ಕಿರಣ ಹೊರಟು ಸಿಡಿಗೆ ಬೀಳಬೇಕು. ಬೀಳುವ ಜಾಗ ಸಿಡಿಯ ಬಲಗಡೆಯ ಅಂಚು, ಗಡಿಯಾರದ ಮೂರು ಗಂಟೆ ಇರುವ ಕಡೆ. ಅಲ್ಲಿ ಹಾದಿಗಳು ಮೇಲಿಂದ ಕೆಳಗೆ ಓಡುತ್ತವೆ, ಹಾಗಾಗಿ ಚುಕ್ಕೆಗಳು ಸರಿಯಾಗಿ ಎಡಕ್ಕೆ ಬಲಕ್ಕೆ ಬರುತ್ತವೆ. ವಾಪಸ್ ಬರುವ ನೇರ ಕಿರಣ ಅದೇ ತೂತಿಗೆ ಬೀಳುವ ತನಕ ಸಿಡಿಯನ್ನು ಹೊಂದಿಸಿದೆ. ಡಯೋಡ್ ಕರೆಂಟ್ ಲೇಸರ್ ಹೊತ್ತಿಕೊಳ್ಳುವ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ಕನ್ನಡಕ ಹಾಕಿದರೆ ನೀಲಿ ಚುಕ್ಕೆ ಕಾಣುವುದಿಲ್ಲ. ಅದಕ್ಕೆ ಗೋಡೆಗೆ ಪೇಪರ್ ಅಂಟಿಸಿ, ಫೋನ್ ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಪರದೆ ನೋಡುತ್ತ ಕೋಲಿಗೆ ಕಟ್ಟಿದ ಪೆನ್ಸಿಲಲ್ಲಿ ಗುರುತು ಮಾಡಿದೆ.

ಮೊದಲು ಹಸಿರು ಪಾಯಿಂಟರ್. ಅದು ಹರಳಿನಿಂದ ಬರುವ ಹಸಿರು, 532ಕ್ಕೆ ಕಟ್ಟಿಹಾಕಿದ ಹಾಗೆ ಇರುತ್ತದೆ. ಎಡ ಬಲ ಸರಾಸರಿ 703 ಮಿಮೀ ಬಂತು. ಅದರಿಂದ ನನ್ನ ಸಿಡಿಯ ಹಾದಿ ಅಂತರ 1,604 ನ್ಯಾನೋಮೀಟರ್ ಅಂತ ಸಿಕ್ಕಿತು. ಆಮೇಲೆ ನೀಲಿಗಳು.

"445" ಬಿದ್ದದ್ದು 583 ಮಿಮೀಗೆ. ಲೆಕ್ಕ ಹಾಕಿದರೆ 449.
"465" ಬಿದ್ದದ್ದು 600 ಮಿಮೀಗೆ. ಲೆಕ್ಕ ಹಾಕಿದರೆ 461.

ಈ ದೂರದಲ್ಲಿ ಒಂದು ನ್ಯಾನೋಮೀಟರ್‌ಗೆ ಚುಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಸರಿಯುತ್ತದೆ. ಹಾಗಾಗಿ ಒಂದು ನ್ಯಾನೋಮೀಟರ್ ಆಚೀಚೆ ಇರಬಹುದು, ನಾಲ್ಕು ತಪ್ಪಿರಲಾರದು. ನಾನು 20 ನ್ಯಾನೋಮೀಟರ್ ವ್ಯತ್ಯಾಸಕ್ಕೆ ದುಡ್ಡು ಕೊಟ್ಟಿದ್ದೆ, ಸಿಕ್ಕಿದ್ದು 12. ಸೂಕ್ಷ್ಮತೆಯ ಪಟ್ಟಿಯಲ್ಲಿ 449ಕ್ಕೆ 0.036, 461ಕ್ಕೆ 0.063. ಎರಡೂವರೆ ಪಟ್ಟು ಹೋಗಿ 1.7 ಪಟ್ಟು ಆಯಿತು. ಡಯೋಡ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೆಲವು ನ್ಯಾನೋಮೀಟರ್ ಆಚೀಚೆ ಇರುವುದು ಸಹಜ. ಹಾಗಾಗಿ ತಯಾರಕರ ಕಾಗದದಲ್ಲಿ ಕನಿಷ್ಠ, ಗರಿಷ್ಠ ಎಷ್ಟು ಅಂತ ನೋಡಿಯೇ ದುಡ್ಡು ಕೊಡಬೇಕು.

ಅಕ್ಟೋಬರ್ 2: ಡೈಕ್ರೊ ಸೋರಿದ್ದು

ಮೂರು ಬಣ್ಣವನ್ನು ಒಂದೇ ಕಿರಣ ಮಾಡಲು ಡೈಕ್ರೊ ಕನ್ನಡಿ ಬೇಕು. ನೀಲಿಯನ್ನು ತಿರುಗಿಸಬೇಕು, ಕೆಂಪು ಹಸಿರನ್ನು ಒಳಗಿಂದ ಬಿಡಬೇಕು. 900 ರೂಪಾಯಿಗೆ ತಂದದ್ದು 445ಕ್ಕೆ ಅಂತ ಮಾಡಿದ್ದು. 449 ಡಯೋಡ್‌ನಲ್ಲಿ ಏನೂ ತೊಂದರೆ ಇಲ್ಲ. 461 ಹಾಕಿದ ದಿನ ಡಬ್ಬಿಯ ಹಿಂಗೋಡೆಯಲ್ಲಿ ನೀಲಿ ಮಚ್ಚೆ. ಅಲ್ಲಿ ವೈರ್ ಹಿಡಿಯಲು ಹಾಕಿದ್ದ ಕಪ್ಪು ಟೇಪ್ ಹೊಗೆಯಾಡುತ್ತಿತ್ತು.

ತಕ್ಷಣ ಆಫ್ ಮಾಡಿ, ಕರೆಂಟ್ ಇಳಿಸಿ, ಲೇಸರ್‌ನ ಶಕ್ತಿ ಅಳೆಯುವ ಹಳೇ ಥರ್ಮೋಪೈಲ್ ಮೀಟರ್‌ನಲ್ಲಿ ಅಳೆದೆ. ನೂರರಲ್ಲಿ 28 ಪಾಲು ಕನ್ನಡಿ ದಾಟಿ ಹಿಂದೆ ಹೋಗುತ್ತಿತ್ತು. ಕನ್ನಡಿಯ ಲೇಪದ ಅಂಚು 461ರ ಹತ್ತಿರವೇ ಇತ್ತು ಅಂತ ಕಾಣುತ್ತದೆ.

ಕನ್ನಡಿಯನ್ನು 45 ಡಿಗ್ರಿಗಿಂತ ಸ್ವಲ್ಪ ನೇರ ಮಾಡಿದರೆ ಅಂಚು ಉದ್ದ ತರಂಗದ ಕಡೆ ಸರಿಯುತ್ತದೆ. ಪ್ರಯತ್ನಿಸಿದೆ, ಸೋರುವುದು ಕಮ್ಮಿಯಾಯಿತು. ಆದರೆ ಕಿರಣ ಹೋಗುವ ದಿಕ್ಕೇ ಬದಲಾಯಿತು, ತಳದ ತೂತುಗಳಿಗೆ ಯಾವುದೂ ಹೊಂದಲಿಲ್ಲ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು.

ದಾರಿ ಸಿಕ್ಕಿದ್ದು ಬೇರೆ ಕಡೆ. ಲೇಸರ್ ಡಯೋಡ್‌ನ ಬೆಳಕು ಒಂದೇ ದಿಕ್ಕಿಗೆ ಧ್ರುವೀಕರಣ ಆಗಿರುತ್ತದೆ, ಅಂದರೆ ಅದರ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಓರೆ ನಿಂತ ಡೈಕ್ರೊ ಒಂದು ದಿಕ್ಕಿನ ಬೆಳಕನ್ನು ಚೆನ್ನಾಗಿ ತಿರುಗಿಸುತ್ತದೆ, ಇನ್ನೊಂದನ್ನು ಅಷ್ಟಾಗಿ ಇಲ್ಲ. ಮಾಡ್ಯೂಲಿನ ಅಲೆನ್ ಸ್ಕ್ರೂ ಸಡಿಲಿಸಿ ಡಯೋಡನ್ನು ಇದ್ದಲ್ಲೇ ಕಾಲು ಸುತ್ತು ತಿರುಗಿಸಿದೆ. ದೂರದ ಗೋಡೆ ಮೇಲೆ ಅಡ್ಡ ಬೀಳುತ್ತಿದ್ದ ಪಟ್ಟಿ ಉದ್ದ ನಿಂತಿತು. ಸೋರುವುದು 28ರಿಂದ 11ಕ್ಕೆ ಇಳಿಯಿತು. ಖರ್ಚು ಸೊನ್ನೆ.

ಆ ಪಟ್ಟಿಯನ್ನು ಚುಕ್ಕೆ ಮಾಡಲು 1,700 ರೂಪಾಯಿಯ ಸಿಲಿಂಡರ್ ಲೆನ್ಸ್ ಜೋಡಿ ತಂದಿದ್ದೆ, ಉದ್ದವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುವಂಥದು. ಅದನ್ನೂ ಕಾಲು ಸುತ್ತು ತಿರುಗಿಸಿ ಕೂರಿಸಿದೆ. 8 ಮೀಟರ್‌ನಲ್ಲಿ 25 ಮಿಮೀ ಉದ್ದ ಇದ್ದದ್ದು 9 ಮಿಮೀ ಆಯಿತು. ಉಳಿದ 11 ಪಾಲು ಬೀಳುವ ಜಾಗಕ್ಕೆ ಮಂಕು ಕಪ್ಪು ಬಳಿದ ಅಲ್ಯೂಮಿನಿಯಂ ತುಂಡನ್ನು ಓರೆಯಾಗಿ ನಿಲ್ಲಿಸಿದೆ. ಟೇಪ್ ಎಲ್ಲ ಕಿತ್ತು ತಂತಿ ಕ್ಲಿಪ್ ಹಾಕಿದೆ. ಲೇಸರ್ ಡಬ್ಬಿಯೊಳಗೆ ಪ್ಲಾಸ್ಟಿಕ್ ಟೇಪ್ ಇರಲೇಬಾರದು. ಅದರ ಹೊಗೆ ಲೆನ್ಸ್ ಮೇಲೆ ಕೂತರೆ ಲೆನ್ಸೂ ಸುಟ್ಟುಹೋಗುತ್ತದೆ.

ಅಕ್ಟೋಬರ್ 8: ಬಿಳಿ ಹಳದಿಯಾದದ್ದು

ಆಗಸ್ಟ್‌ನ ತಪ್ಪು ಲೆಕ್ಕ ಬಯಲಾದ ದಿನ ಇದು.

ಬಿಳಿ ಹೊಂದಿಸಲು ನನ್ನ ವಿಧಾನ ಸರಳ. ಡಬ್ಬಿ ಮೇಲೆ 6500 ಕೆ (ಬಿಳಿಯ ಛಾಯೆ ಹೇಳುವ ಅಂಕಿ) ಅಂತ ಬರೆದಿರುವ ಮನೆ ಎಲ್‌ಇಡಿ ಬಲ್ಬನ್ನು ಗೋಡೆಯ ಒಂದು ಪಕ್ಕಕ್ಕೆ ಬಿಡುವುದು, ಪಕ್ಕದಲ್ಲೇ ಲೇಸರಲ್ಲಿ ತುಂಬಿದ ಚೌಕ ಬಿಡಿಸುವುದು, ಎರಡೂ ಒಂದೇ ಥರ ಕಾಣುವ ತನಕ ಮೂರು ಬಣ್ಣ ಹೊಂದಿಸುವುದು. ಆಮೇಲೆ ಒಂದೊಂದರ ಶಕ್ತಿ ಮೀಟರ್‌ನಲ್ಲಿ ಅಳೆಯುವುದು.

449 ಡಯೋಡ್‌ನಲ್ಲಿ ಹಸಿರು 300 ಮಿಲಿವ್ಯಾಟ್‌ಗೆ ಕೆಂಪು 430, ನೀಲಿ 175 ಬೇಕಾಯಿತು. ಸರಿ. 461 ಇದಕ್ಕಿಂತ 1.7 ಪಟ್ಟು ಹೊಳಪು, ಹಾಗಾದರೆ 100 ಸಾಕು ಅಂತ 100ಕ್ಕೆ ಇಟ್ಟೆ. ಚೌಕ ಹಳದಿ, ಹಳೇ ಕಾಗದದ ಬಣ್ಣ. ಮೀಟರ್ ತಪ್ಪಿರಬೇಕು ಅಂತ ಮತ್ತೆ ಅಳೆದೆ. ಲೆನ್ಸ್ ಒರೆಸಿದೆ. 120, 150, 175, ಇನ್ನೂ ಹಳದಿ ಛಾಯೆ. ಕೊನೆಗೆ ಬಿಳಿ ಬಂದಿದ್ದು ನೀಲಿ 195ರಲ್ಲಿ, ಅದೂ ಕೆಂಪನ್ನು 465ಕ್ಕೆ ಏರಿಸಿದ ಮೇಲೆ.

ಕಮ್ಮಿಯಲ್ಲ, 449ಕ್ಕಿಂತ ಜಾಸ್ತಿಯೇ ಬೇಕಾಯಿತು!

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಣ್ಣ ಬೆರೆಸುವ ಕೋಷ್ಟಕ ತೆಗೆದು ಮತ್ತೆ ಲೆಕ್ಕ ಹಾಕಿದೆ. ಬಿಳಿಯಲ್ಲಿ ನೀಲಿಯ ಕೆಲಸ ಹೊಳಪು ಕೊಡುವುದಲ್ಲ. ಹೊಳಪೆಲ್ಲ ಹಸಿರು ಕೆಂಪಿನದು. ನೀಲಿಯ ಕೆಲಸ ಹಳದಿಯನ್ನು ಬಿಳಿಗೆ ಎಳೆಯುವುದು. ಆ ಎಳೆಯುವ ಬಲ 445ರ ಸುತ್ತಮುತ್ತ ತುತ್ತತುದಿಯಲ್ಲಿರುತ್ತದೆ, 460ರ ಕಡೆ ಬಂದಂತೆ ಇಳಿಯುತ್ತದೆ. ಕೋಷ್ಟಕದಲ್ಲಿ ಆ ಅಂಕಿ 449ಕ್ಕೆ 1.77, 461ಕ್ಕೆ 1.64. ನಾನು ಅಳೆದಿದ್ದಕ್ಕೂ ಈ ಲೆಕ್ಕಕ್ಕೂ ಐದಾರು ಮಿಲಿವ್ಯಾಟ್ ಒಳಗೆ ತಾಳೆಯಾಯಿತು. ನಾನು ಆಗಸ್ಟ್‌ನಿಂದ ತಪ್ಪು ಪಟ್ಟಿ ಇಟ್ಟುಕೊಂಡು ಕೂತಿದ್ದೆ.

ಹಾಗಾದರೆ 461ಕ್ಕೆ ಕೊಟ್ಟ ದುಡ್ಡು ದಂಡವಾ? ಅದಕ್ಕೆ ಉತ್ತರ ಮಾರನೇ ದಿನ ಸಿಕ್ಕಿತು.

ಅಕ್ಟೋಬರ್ 9: ಹಕ್ಕಿ ಹಾರಿದ್ದು

ತಂಗಿಯ ಮಗ ದಸರಾ ರಜೆಗೆ ಬಂದಿದ್ದ. ಗೋಡೆ ಮೇಲೆ ನೀಲಕಂಠ ಬಿಟ್ಟೆ, ಮೊದಲು 449ರಲ್ಲಿ. ಕನ್ನಡಿಗಳನ್ನೆಲ್ಲ ದಾಟಿ ಹೊರಬರುವ ಶಕ್ತಿ 1.1 ವ್ಯಾಟ್. ಅವನು ಸ್ವಲ್ಪ ಹೊತ್ತು ನೋಡಿ, "ಮಾವ, ಇದು ನೀಲಿ ಅಲ್ಲ, ನೇರಳೆ ಹಣ್ಣಿನ ಬಣ್ಣ" ಅಂದ. ನನಗೂ ಹಾಗೇ ಕಂಡಿತು. ಜೊತೆಗೆ ಗೆರೆಯ ಅಂಚು ಮಂಜು ಮಂಜು. ಇದರಲ್ಲಿ ಲೆನ್ಸಿನ ತಪ್ಪಿಲ್ಲ. ಹಸಿರಿಗೆ ಹೊಂದಿಕೊಂಡ ಕಣ್ಣಿಗೆ ಕಡು ನೀಲಿ ಸರಿಯಾಗಿ ಫೋಕಸ್ ಆಗುವುದಿಲ್ಲ.

ಮಾಡ್ಯೂಲ್ ಬದಲಿಸಿ 461 ಹಾಕಿದೆ, ಬರೀ 0.8 ವ್ಯಾಟ್. ಅವನು ಏನೂ ಹೇಳಲಿಲ್ಲ, ಎದ್ದು ಗೋಡೆ ಹತ್ತಿರ ಓಡಿದ. "ಅಜ್ಜಿ, ಬಾ ನೋಡು" ಅಂತ ಕೂಗಿದ. ಕಡು ಪಟ್ಟೆ ನಿಜವಾದ ನೀಲಿ. ಲೆಕ್ಕದಲ್ಲೂ ಹಾಗೇ ಇದೆ. 800ನ್ನು 0.063ರಿಂದ ಗುಣಿಸಿದರೆ 50, 1,100ನ್ನು 0.036ರಿಂದ ಗುಣಿಸಿದರೆ 40. ಶಕ್ತಿ ಕಮ್ಮಿ, ಹೊಳಪು ಜಾಸ್ತಿ, ಬಣ್ಣವೂ ಸರಿ. ತಿಳಿ ಪಟ್ಟೆಗೆ ನೀಲಿ ಪೂರ್ತಿ, ಹಸಿರು ನೂರಕ್ಕೆ ಹದಿನೈದು ಬೆರೆಸಿದೆ. ಆ ಬಣ್ಣ ಗೋಡೆ ಮೇಲೆ ಬಂದಾಗ ನಾನೇ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟೆ.

ಹಾಗಾಗಿ ನನ್ನ ಆಯ್ಕೆ 461. ನಾನು ಬಿಡಿಸುವುದು ನೀಲಿ ಹಕ್ಕಿ. ಬರೀ ಬಿಳಿ ಅಕ್ಷರ, ಬಿಳಿ ನಕ್ಷೆ ಜಾಸ್ತಿ ಬಿಡಿಸುವವರಾದರೆ 445-450 ತಗೊಳ್ಳಿ. ಅರ್ಧಕ್ಕಿಂತ ಕಮ್ಮಿ ಬೆಲೆಗೆ ಬರುತ್ತದೆ, ಬಿಳಿಯೂ ಸುಲಭ, ಡೈಕ್ರೊ ಕೂಡ ಸುಲಭವಾಗಿ ಸಿಗುತ್ತದೆ. ಕಡು ನೇರಳೆ ಬೇಕಿದ್ದರೂ ಅದೇ ವಾಸಿ.

ಅಕ್ಟೋಬರ್ 20: ಬಿಸಿ ಮತ್ತು ಉಳಿದ ಕೆಲಸ

ಆಯುಧಪೂಜೆಗೆ ಅಮ್ಮ ಪ್ರೊಜೆಕ್ಟರ್‌ಗೂ ಅರಿಶಿನ ಕುಂಕುಮ ಇಟ್ಟರು. ಮುಚ್ಚಳ ಬಿಗಿದ ಮೇಲೆಯೇ ಇಡಬೇಕು ಅಂತ ಕೇಳಿಕೊಂಡಿದ್ದೆ. ಒಂದು ಕಣ ಪುಡಿ ಲೆನ್ಸ್ ಮೇಲೆ ಬಿದ್ದರೂ ಅಲ್ಲೇ ಸುಟ್ಟು ಅಂಟಿಕೊಳ್ಳುತ್ತದೆ.

ಮಹಡಿ ಮೇಲೆ 40 ನಿಮಿಷ ಓಡಿಸಿ ನೋಡಿದೆ. ತಳ 46 ಡಿಗ್ರಿಗೆ ಬಂತು, ಬಿಳಿ ನಿಧಾನಕ್ಕೆ ತಿಳಿ ಹಸಿರು-ನೀಲಿಯ ಕಡೆ ಜಾರಿತು. ನೀಲಿ ಅಲ್ಲಾಡಲಿಲ್ಲ, ಕುಗ್ಗಿದ್ದು ಕೆಂಪು. 638 ಡಯೋಡ್‌ಗಳಿಗೆ ಬಿಸಿ ಆಗಿಬರುವುದಿಲ್ಲ. ಕೆಂಪಿನ ಮಾಡ್ಯೂಲ್ ಕೆಳಗಿನ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ, ತಳದ ಕೆಳಗೆ 80 ಮಿಮೀ ಫ್ಯಾನ್ ಹಾಕಿದೆ. 37 ಡಿಗ್ರಿಯಲ್ಲಿ ನಿಂತಿತು.

ಸ್ಕ್ಯಾನರ್, ಅಂದರೆ ಗ್ಯಾಲ್ವೊ, ನಿಂತುಹೋದರೆ ಲೇಸರ್ ತಾನೇ ಆಫ್ ಆಗುವ ಸರ್ಕ್ಯೂಟನ್ನು ನೀಲಿಗೂ ಜೋಡಿಸಿದೆ. ಗ್ಯಾಲ್ವೊದ ಪ್ಲಗ್ ಬೇಕಂತಲೇ ಕಿತ್ತು ಹತ್ತು ಸಲ ಪರೀಕ್ಷಿಸಿದೆ, ಹತ್ತು ಸಲವೂ ಆಫ್ ಆಯಿತು. ಇದಿಲ್ಲದೆ ಜನರ ಮುಂದೆ ಹಚ್ಚಲೇಬೇಡಿ. ಕಿರಣ ಹೋಗುವ ದಾರಿ ಯಾರ ತಲೆಗಿಂತಲೂ ಎತ್ತರ, ಕೊನೆಗೆ ಗೋಡೆ, ಆಕಾಶದ ಕಡೆ ಬಿಡುವುದಿಲ್ಲ.

ಖರ್ಚು ಬರೆದಿಡುತ್ತೇನೆ. 405 ಮಾಡ್ಯೂಲ್ 350, "445" ಎರಡು ಸಲ 3,800, "465" 4,600, ಡ್ರೈವರ್ ಎರಡು 2,900, ತಾಮ್ರದ ಮಾಡ್ಯೂಲ್ ಮತ್ತು ಲೆನ್ಸ್ ಎರಡು ಜೊತೆ 2,200, ಲೇತ್ ಕೆಲಸ 600, ಸಿಲಿಂಡರ್ ಲೆನ್ಸ್ 1,700, ಡೈಕ್ರೊ 900, ಸಾಗಣೆ ಕಸ್ಟಮ್ಸ್ 2,350. ಒಟ್ಟು 19,400. ನೇರವಾಗಿ "465" ಒಂದನ್ನೇ ತಂದಿದ್ದರೆ 12,700ರ ಒಳಗೆ ಮುಗಿಯುತ್ತಿತ್ತು. ಫ್ಯಾನ್ ಮನೆಯಲ್ಲೇ ಇತ್ತು.

ನವೆಂಬರ್ 1

ಸಂಜೆ ಏಳಕ್ಕೆ ಹಚ್ಚಿದೆವು. ಮೊದಲು ಬಾವುಟ, ಆಮೇಲೆ ಹಕ್ಕಿ. ರೆಕ್ಕೆ ಬಡಿಯುವ ಹನ್ನೆರಡು ಚಿತ್ರಗಳನ್ನು ತಂಗಿಯ ಮಗನೇ ಬಿಡಿಸಿಕೊಟ್ಟಿದ್ದ. ಒಂದು ಕುಂದು ಉಳಿದಿದೆ. ಬಾಲ ಮಸುಕಾಗುತ್ತ ಹೋಗುವ ಕಡೆ, ನೂರಕ್ಕೆ ಹತ್ತರ ಕೆಳಗೆ ಇಳಿದಾಗ ನೀಲಿ ಒಮ್ಮೆಲೇ ಆರಿಹೋಗಿ ಹಸಿರು ಮಾತ್ರ ಉಳಿಯುತ್ತದೆ. ಡಯೋಡ್ ಹೊತ್ತಿಕೊಳ್ಳುವ ಕರೆಂಟ್‌ಗೆ ಡ್ರೈವರ್‌ನ ಬಯಾಸ್ (ಯಾವಾಗಲೂ ಕೊಡುವ ತಳಮಟ್ಟದ ಕರೆಂಟ್) ಇನ್ನೂ ಸರಿಯಾಗಿ ಕೂತಿಲ್ಲ. ಆ ಸ್ಕ್ರೂ ಈ ವಾರ ತಿರುಗಿಸುತ್ತೇನೆ.

449ರ ಮಾಡ್ಯೂಲನ್ನು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಮೇಲಿದ್ದ "445" ಚೀಟಿ ಕಿತ್ತು, ಮಾರ್ಕರಲ್ಲಿ "449, ಸಿಡಿ, 2 ಮೀಟರ್, 583 ಮಿಮೀ" ಅಂತ ಬರೆದಿದ್ದೇನೆ.